ಬಾವುಟ ಇಳಿಸೋ ಹೊತ್ತು

ಮೊಮ್ಮಗಳ ಎನ್‌ಸಿಸಿ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದೆ. ಬಿಸಿ ತಾಗಿದ್ದೇ ತಡ, ಗಂಜಿ ಕುಡಿದ ದಪ್ಪ ಬಟ್ಟೆಯ ವಾಸನೆ ಎದ್ದಿತು ನೋಡಿ... ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಸುಮ್ಮನೆ ಕೂತುಬಿಟ್ಟೆ. ನಮ್ಮ ಪಕ್ಕದ ಮನೆ ಅಕ್ಕನ ನೆನಪಾಯಿತು. ಗಂಡ ರಜದ ಮೇಲೆ ಬಂದಾಗ ಅವರ ಮಿಲ್ಟ್ರಿ ಬಟ್ಟೆಗೆ ಅವಳು ಹೀಗೇ ಗಂಜಿ ಹಾಕುತ್ತಿದ್ದಳು.

ಎಪ್ಪತ್ತರ ದಶಕದ ಕೊನೆ. ತಿಪಟೂರು ಕಡೆಯ ಹಾಲ್ಕುರಿಕೆ ಹತ್ತಿರದ ಒಂದು ಹಳ್ಳಿಗೆ ನಾನು ಹೊಸದಾಗಿ ಸೊಸೆಯಾಗಿ ಹೋಗಿದ್ದೆ. ಅದೇ ವರ್ಷ ಅಕ್ಕನೂ ಊರಿಗೆ ವಾಪಸು ಬಂದಳು. ಗಂಡ ಸಿಪಾಯಿ, ನಾನು ಭಾವ ಎನ್ನುತ್ತಿದ್ದೆ. ಅಲ್ಲಿಯವರೆಗೆ ಇಬ್ಬರೂ ಮಿಲ್ಟ್ರಿ ಕ್ವಾರ್ಟರ್ಸಿನಲ್ಲಿದ್ದರು. ಭಾವನನ್ನು ಉತ್ತರದ ಬಾರ್ಡರಿಗೆ ಹಾಕಿದರು, ಅಲ್ಲಿಗೆ ಹೆಂಡತಿಯನ್ನು ಕರೆದೊಯ್ಯುವ ಹಾಗಿಲ್ಲ. ಹಾಗಾಗಿ ಅಕ್ಕ ಅತ್ತೆಯ ಮನೆ ಸೇರಿದಳು. ಆ ಅತ್ತೆಯ ಬಾಯಿ ಜೋರು, ಮನಸ್ಸು ಮೆತ್ತಗೆ. ಆದರೆ ಮೆತ್ತಗಿನದು ಹೊರಗೆ ಬರೋಕೆ ಬಾಯಿ ಪುರುಸೊತ್ತು ಕೊಡುತ್ತಿರಲಿಲ್ಲ.

ಅಕ್ಕನದೊಂದು ವಿಚಿತ್ರ ಇತ್ತು. ಹೊತ್ತು ಮುಳುಗಿ ಊರ ಮಠದಲ್ಲಿ ಶಂಖ ಊದಿದರೆ ಸಾಕು, ಎಲ್ಲಿದ್ದರೆ ಅಲ್ಲೇ ನಿಂತುಬಿಡೋಳು. ಕತ್ತು ನೇರ, ಬೆನ್ನು ನೇರ, ಬಡಗಲಿಗೆ ಮುಖ. ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಾ ಕೂತಿದ್ದರೆ ಕಡ್ಡಿ ಕೆಳಗಿಟ್ಟು ಏಳೋಳು. ಒಂದು ಸಂಜೆ ನೀರು ತರುವಾಗ ಬೀದಿ ನಡುವೆಯೇ ನಿಂತಳು, ಸೊಂಟದ ಮೇಲೆ ತುಂಬಿದ ಬಿಂದಿಗೆ. ಮೇಯ್ದು ಬರುತ್ತಿದ್ದ ದನಗಳು ಅವಳನ್ನು ಬಳಸಿಕೊಂಡು ಹೋದವು. ಸ್ವಲ್ಪ ಹೊತ್ತಾದ ಮೇಲೆ ಏನೂ ಆಗಿಲ್ಲವೆನ್ನುವಂತೆ ಮನೆ ಕಡೆ ಹೊರಟಳು.

ಊರು ಸುಮ್ಮನಿರುತ್ತದೆಯೇ? ಗಾಳಿ ಮೆಟ್ಟಿಕೊಂಡಿದೆ ಎಂದಿತು. ಅತ್ತೆ ತಾಯಿತ ಕಟ್ಟಿಸಿದರು, ಬೇವಿನ ಸೊಪ್ಪಿನಲ್ಲಿ ನಿವಾಳಿಸಿದರು. ಶಂಖ ಊದಿದರೆ ತಾಯಿತದ ಸಮೇತ ನಿಲ್ಲೋಳು! ಕೊನೆಗೆ ಅತ್ತೆ ಹಟ ಹಿಡಿದರು.

"ಸೋಮವಾರ ತೌರಿಗೆ ಬುಟ್ಟು ಬತ್ತೀನಿ. ವಾಸಿಯಾದ್ಮೇಲೆ ಬರ್ಲಿ."

ತೌರಲ್ಲಿ ಯಾರಿದ್ದರು? ಅಪ್ಪ ಅವ್ವ ಇಬ್ಬರೂ ಇಲ್ಲ. ಅಣ್ಣನ ಹೆಂಡತಿ ಕಂಡರೆ ಮುಖ ತಿರುಗಿಸುವ ಪೈಕಿ. ದೆವ್ವ ಹಿಡಿದವಳು ಅಂತ ಒಮ್ಮೆ ಹೊಸಿಲು ದಾಟಿಸಿದರೆ ಮತ್ತೆ ಕರೆಸಿಕೊಳ್ಳುವುದು ಎಲ್ಲಿ ಬಂತು...

ಹಿತ್ತಲಲ್ಲಿ ಅವಳ ಕೈ ಹಿಡಿದು ಕೇಳಿದೆ. "ಏನಕ್ಕಾ ನಿಂದು? ಬಾಯಿ ಬುಟ್ಟು ಹೇಳ್ಬಾರ್ದಾ?"

ಆಗ ಹೇಳಿದಳು. ಮಿಲ್ಟ್ರಿಯಲ್ಲಿ ದಿನಾ ಸಂಜೆ ಬ್ಯೂಗಲ್ ಊದಿ ಬಾವುಟ ಇಳಿಸುತ್ತಾರಂತೆ. ಆ ಹೊತ್ತಿನಲ್ಲಿ ಯಾರೂ ಅಲ್ಲಾಡುವ ಹಾಗಿಲ್ಲ. ಸೈಕಲ್ಲಿನವರು ಇಳಿದು ನಿಲ್ಲಬೇಕು, ಆಡುವ ಮಕ್ಕಳು ಚೆಂಡು ಬಿಟ್ಟು ನಿಲ್ಲಬೇಕು. ಹೋದ ಹೊಸದರಲ್ಲಿ ಇವಳೊಬ್ಬಳೇ ಸೊಪ್ಪಿನ ಚೀಲ ಹಿಡಿದು ಸರಸರ ನಡೆದಿದ್ದಳಂತೆ. ಹಿಂದೆ ನಿಂತಿದ್ದ ಗಂಡ ತುಟಿ ಅಲ್ಲಾಡಿಸದೆ, "ನಿಂತ್ಕಳೇ, ಮಾನ ಕಳೀಬ್ಯಾಡ" ಎಂದು ಗದರಿದ್ದರಂತೆ. ಹೇಳುತ್ತಾ ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಳು.

"ಅವ್ರು ಎಲ್ಲೇ ಇದ್ರೂ ಆ ಹೊತ್ನಲ್ಲಿ ನಿಂತಿರ್ತಾರೆ ಕಣೇ. ನಾನೂ ನಿಂತ್ರೆ ಇಬ್ರೂ ಜೊತೇಲಿ ನಿಂತಂಗೆ. ಇದ್ನ ಅತ್ತೆ ಮುಂದೆ ಹೆಂಗೆ ಹೇಳ್ಲಿ? ನಾಚ್ಕೆ ಆಯ್ತದೆ."

ಕೇಳಿದಿರಾ! ಗಂಡನ ಮೇಲೆ ಆಸೆ ಎಂದು ಹೇಳುವುದಕ್ಕಿಂತ ದೆವ್ವ ಹಿಡಿದಿದೆ ಎನ್ನಿಸಿಕೊಳ್ಳುವುದೇ ವಾಸಿ ಅವಳಿಗೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ನಮ್ಮ ಮನೆಯವರು ಆಡಿಕೊಳ್ಳೋರು. ಅವತ್ತು ಅದು ಉಪಕಾರಕ್ಕೆ ಬಂತು. ನೇರ ಹೋಗಿ ಅವಳ ಅತ್ತೆಯ ಮುಂದೆ ಎಲ್ಲ ಒದರಿದೆ. ಆಯಮ್ಮ ಎಲೆಅಡಿಕೆ ಜಗಿಯುತ್ತಾ ಕೇಳಿದರು. "ಅಯ್ಯೋ, ಇವಳ ಬೆಡಗೇ!" ಅಂದರು, ಅಷ್ಟೇ.

ಮಾರನೆಯ ಸಂಜೆ ಮೂವರೂ ಜಗಲಿಯ ಮೇಲೆ ಗರಿ ಸೀಳುತ್ತಿದ್ದೆವು. ಶಂಖ ಕೇಳಿಸಿತು. ಅಕ್ಕ ಎದ್ದು ನಿಂತಳು. ಅತ್ತೆ ಅವಳನ್ನೇ ನೋಡಿದರು. ಆಮೇಲೆ ಮೊಣಕಾಲಿಗೆ ಕೈಯೂರಿ, ಉಸ್ಸಪ್ಪಾ ಎನ್ನುತ್ತಾ ತಾವೂ ಎದ್ದರು.

"ಯಾವ ಕಡೀಕೆ ನಿಲ್ಬೇಕೇ?"

ಅಕ್ಕ ಬಡಗಲಿಗೆ ಕೈ ತೋರಿಸಿದಳು.

"ಹೆತ್ತೋಳು ನಾನು. ನೀನೊಬ್ಳೇ ನಿಂತ್ಕಂಡ್ರೆ ಆಯ್ತದಾ?" ಅಂದವರೇ ಸೆರಗು ಸರಿಮಾಡಿಕೊಂಡು ಸೊಸೆಯ ಪಕ್ಕ ನಿಂತರು.

ತೌರಿನ ಮಾತು ಮತ್ತೆ ಬರಲಿಲ್ಲ. ಭಾವನಿಗೆ ಪುನಃ ಕ್ವಾರ್ಟರ್ಸು ಸಿಕ್ಕಿ ಅಕ್ಕ ಹೊರಟುಹೋದ ಮೇಲೂ ಆಯಮ್ಮ ಒಬ್ಬರೇ ನಿಲ್ಲುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಈ ಬೇಸಿಗೆಯಲ್ಲಿ ಅಕ್ಕನೂ ಹೋದಳು...

ಮೊನ್ನೆ ತಡೆಯಲಾರದೆ ತಿಪಟೂರಿಗೆ ಹೋಗಿ ಭಾವನನ್ನು ಮಾತಾಡಿಸಿ ಬಂದೆ. ಕೂತು ಇದನ್ನೆಲ್ಲ ಹೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ! ಅಷ್ಟು ವರ್ಷ ಸಂಸಾರ ಮಾಡಿಯೂ ಅಕ್ಕ ಬಾಯಿ ಬಿಟ್ಟಿರಲಿಲ್ಲ, ಅವರವ್ವನೂ ಹೇಳಿರಲಿಲ್ಲ.

ಭಾವ ಹೆಗಲ ಮೇಲಿನ ಟವೆಲ್ಲು ತೆಗೆದು ಮಡಿಲಲ್ಲಿಟ್ಟುಕೊಂಡರು. "ನಾವಿದ್ದ ಗುಡ್ಡದ ಮ್ಯಾಲೆ ಬ್ಯೂಗಲ್ಲೇ ಇರ್ಲಿಲ್ಲ ಕಣಮ್ಮ. ಸಂಜೆ ಹೊತ್ನಲ್ಲಿ ಗುಂಡಿಯೊಳಗೆ ಬಗ್ಗಿ ಕುಂತಿರ್ತಿದ್ವಿ. ತಲೆ ಎತ್ತಿದ್ರೆ ಆ ಕಡೆಯೋರು ಗುಂಡು ಹೊಡಿಯೋರು, ಎದ್ದು ನಿಲ್ಲಂಗೇ ಇರ್ಲಿಲ್ಲ."

ಅಕ್ಕ ಇದ್ದಿದ್ದರೆ ನಾಚಿಕೊಂಡು ಒಳಗೆ ಓಡಿಹೋಗಿರೋಳು. ಅವಳಿಲ್ಲ ಎನ್ನುವುದು ಆಗ ನನಗೆ ನಿಜವಾಗಿ ತಟ್ಟಿತು.

"ಅವ್ವನೂ ನಿಂತ್ಕಳ್ತಿತ್ತಾ?" ಎಂದು ಕೇಳಿದರು.

"ದಿನಾ, ಭಾವ" ಎಂದೆ.

ಅವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು.