ಓನರಜ್ಜಿಯ ಬಾವಿ

ನಮ್ಮ ಮನೆಯ ಓನರಜ್ಜಿಯ ಬಲಗೈಯಲ್ಲೊಂದು ದಪ್ಪ ಬೆಳ್ಳಿ ಕಡಗವಿತ್ತು. ಶುಕ್ರವಾರ ವಿಭೂತಿ ಹಚ್ಚಿ ತಿಕ್ಕಿ ತಿಕ್ಕಿ ಹೊಳೆಸುತ್ತಿದ್ದರು. ಭಾನುವಾರದೊಳಗೆ ಅದು ಹೆಂಚಿನ ತಳದ ಹಾಗೆ ಕಪ್ಪಾಗುತ್ತಿತ್ತು. ಹಿತ್ತಲ ಕಾಲುವೆಯಿಂದ ಬರುವ ಗಾಳಿಗೆ ಬೆಳ್ಳಿ, ಹಿತ್ತಾಳೆ ಯಾವುದೂ ತಡೆಯುತ್ತಿರಲಿಲ್ಲ. ಮನುಷ್ಯರ ಒಳಗೆ ಏನಾಗುತ್ತಿತ್ತೋ, ದೇವರಿಗೇ ಗೊತ್ತು.

ಸಿಂಗಸಂದ್ರದ ಆಚೆಯ ಆ ಊರಿಗೆ ಅವರದು ಮೂಲ ಒಕ್ಕಲು. ಹೊಲವೆಲ್ಲ ಬಾಡಿಗೆ ವಠಾರವಾಗಿತ್ತು. ರಾಯಚೂರು ಕಡೆಯಿಂದ ಗಾರ್ಮೆಂಟ್ಸ್ ಕೆಲಸಕ್ಕೆ ಬಂದ ನಾನು ಮತ್ತು ನನ್ನ ಗಂಡ ಅದರಲ್ಲೊಂದು ಕೋಣೆ ಹಿಡಿದಿದ್ದೆವು. ಕಾಲುವೆಯ ಮೇಲುಗಡೆ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟಿತ್ತು. ಶುದ್ಧ ಮಾಡುತ್ತಿದ್ದುದು ಸಾಹೇಬರು ನೋಡಲು ಬರುವ ದಿನ ಮಾತ್ರ. ಉಳಿದ ದಿನ ಮೋಟಾರು ನಿಲ್ಲಿಸಿ ಕಪ್ಪು ನೀರನ್ನು ನೊರೆ ಸಮೇತ ಹಾಗೇ ಬಿಡುತ್ತಿದ್ದರು. ಎಂದಾದರೂ ಬೆಳಗ್ಗೆ ನೀರು ತಿಳಿಯಾಗಿದ್ದರೆ ಅಜ್ಜಿ ನಗುತ್ತಿದ್ದರು: “ಇವತ್ತು ಸಾಹೇಬ್ರು ಬತ್ತವ್ರೆ ಕಣವ್ವ.” ಮಧ್ಯಾಹ್ನದೊಳಗೆ ಜೀಪು ಬಂದೇ ಬರುತ್ತಿತ್ತು. ಆ ದಿನ ನಾವು ಕಿಟಕಿ ತೆರೆದಿಟ್ಟು ಊಟ ಮಾಡುತ್ತಿದ್ದೆವು.

ಕಾಲುವೆಗೆ ಅಂಟಿಕೊಂಡೇ ಅಜ್ಜಿಯ ಬಾವಿ. ಊರೆಲ್ಲ ಕ್ಯಾನ್ ನೀರಿಗೆ ಬಂದಿದ್ದರೂ ಅಜ್ಜಿ ಕುಡಿಯುತ್ತಿದ್ದುದು ಅದನ್ನೇ. ಬಾವಿ ಮುಚ್ಚಿ ಅಲ್ಲೂ ಕೋಣೆ ಕಟ್ಟಿಸಬೇಕೆಂದು ಮಗ ಹೊಂಚು ಹಾಕುತ್ತಿದ್ದರು.

“ಆ ಗಲೀಜ್ ಯಾಕವ್ವ ಕುಡೀತೀಯ?”

ಅಜ್ಜಿ ಮಗನೆದುರಿಗೇ ಲೋಟ ಎತ್ತಿ ಗಟಗಟ ಕುಡಿಯುತ್ತಿದ್ದರು. “ನಾನು ಕುಡಿಯಾಗಂಟ ಅದು ಬಾವಿ. ಬುಟ್ರೆ ಗುಂಡಿ.”

ಅಂಥ ಮೊಂಡು ಮುದುಕಿ, ನನಗೆ ಮಗಳು ಹುಟ್ಟಿದಾಗ ತಾವೇ ಒಂದು ಕ್ಯಾನ್ ತರಿಸಿ ಬಾಗಿಲಲ್ಲಿ ಇಳಿಸಿದರು. “ಮಗೀಗೆ ಇದನ್ನೇ ಕಾಯ್ಸಿ ಕೊಡು. ನಮ್ಮ ಬಾವಿ ತಂಟೆಗೆ ಬರ್ಬ್ಯಾಡ.”

“ಹಂಗಾರ ನೀವ್ಯಾಕ ಕುಡೀತೀರಿ ಅಜ್ಜಿ?” ಎಂದೆ.

“ನಂದು ಬುಡು. ನಾನು ಒಗ್ಗೋಗಿವ್ನಿ.”

ಮುಂದಿನ ಸಂಕ್ರಾಂತಿಯ ಬೆಳಗ್ಗೆ ಕಾಲುವೆ ನೋಡಿ ಬೆರಗಾದೆವು. ತಳದ ಕಲ್ಲು ಕಾಣುವಷ್ಟು ತಿಳಿ. ನೊರೆಯಿಲ್ಲ, ಆ ನಾತವೂ ಇಲ್ಲ. ಗಂಟಲಿಗೆ ಹಿಡಿಯುವ ಸಣ್ಣ ಘಾಟು ಮಾತ್ರ. ದಡದಲ್ಲಿ ಸದಾ ಕೂತಿರುತ್ತಿದ್ದ ಕೊಕ್ಕರೆಗಳು ಒಂದೂ ಇರಲಿಲ್ಲ.

“ಹಬ್ಬದ ದಿನ ಯಾವ ಸಾಹೇಬ್ರು ಬರ್ತಾರ್ರೀ ಅಜ್ಜಿ?”

“ಯಾರಾನ ಬರ್ಲಿ. ನಮ್ಮ ಗೌರಿ ಮೈ ತೊಳ್ಯಾಕೆ ನೀರಾಯ್ತಲ್ಲ.”

ಗೌರಿ ಅವರ ಹಸು. ಸಂಜೆ ಕಿಚ್ಚು ಹಾಯಿಸುವ ಮುನ್ನ ಹಸುವನ್ನು ಹರಿಯುವ ನೀರಿನಲ್ಲಿ ತೊಳೆಯುವುದು ಅವರ ಪದ್ಧತಿ. ಎಷ್ಟೋ ವರ್ಷಗಳಿಂದ ಬಿಂದಿಗೆ ನೀರಲ್ಲೇ ಮುಗಿಸುತ್ತಿದ್ದ ಅಜ್ಜಿ ಆ ದಿನ ಅದನ್ನು ಕಾಲುವೆಗೇ ಇಳಿಸಿದರು. ಗೌರಿ ತಲೆ ಬಗ್ಗಿಸಿ ನೀರಿಗೆ ಬಾಯಿ ಹಾಕಿತು. ಅಜ್ಜಿ ಬೆನ್ನು ಸವರುತ್ತಾ, “ಕುಡಿ ಮಗಳೇ, ಕುಡಿ” ಎಂದರು.

ಕಿಚ್ಚಿನ ಹೊತ್ತಿಗೆ ಅದು ಕೊಟ್ಟಿಗೆಯಲ್ಲಿ ಬಿದ್ದುಕೊಂಡಿತ್ತು. ಬೆಳಗಾಗುವಷ್ಟರಲ್ಲಿ ಹೋಯಿತು. ಯಾವನೋ ಟ್ಯಾಂಕರಿನಲ್ಲಿ ಕಾರ್ಖಾನೆಯ ಕೆಮಿಕಲ್ ತಂದು ಪ್ಲಾಂಟಿನ ಕೆಳಗಡೆ ಕಾಲುವೆಗೆ ಸುರಿದಿದ್ದನಂತೆ. ಯಾವ ಕಾರ್ಖಾನೆ ಎಂದರೆ ಯಾರಿಗೂ ಗೊತ್ತಿಲ್ಲ. ಅವರ ಮನೆ ಹಾಳಾಗಲಿ ಎಂದು ಇವತ್ತಿಗೂ ಶಪಿಸುತ್ತೇನೆ. ಅಜ್ಜಿ ಶಪಿಸಲಿಲ್ಲ, ಅಳಲೂ ಇಲ್ಲ. ಬಾವಿಕಟ್ಟೆಗೆ ಹೋಗಿ ಒಳಗೆ ಬಗ್ಗಿ ನೋಡಿದರು. ನಾನೂ ನೋಡಿದೆ. ಬಾವಿಯ ನೀರೂ ತಿಳಿಯಾಗಿತ್ತು.

“ಈಗ್ಲಾದ್ರೂ ಮುಚ್ಚುಸ್ಲಾ?” ಎಂದು ಮಗ ಕೇಳಿದರು. ಅಜ್ಜಿ ಬಾವಿಗೆ ಕೊಡ ಇಳಿಬಿಟ್ಟರು. ಸೇದಿದರು, ಕುಡಿದರು.

ಮಳೆಗಾಲಕ್ಕೆ ಅವರ ಕಾಲು, ಮುಖ ಊದಿಕೊಂಡವು. ಡಾಕ್ಟರು ಕಿಡ್ನಿ ಎಂದರು, ವಯಸ್ಸು ಎಂದರು. ನೀರಿನ ವಿಷಯಕ್ಕೆ ಯಾರೂ ಬಾಯಿಬಿಡಲಿಲ್ಲ. ಕೊನೆಯ ದಿನ ಸೊಸೆ ಕ್ಯಾನ್ ನೀರನ್ನು ಚಮಚದಲ್ಲಿ ಹಿಡಿದು, ಬೇರೆ ನೀರು ಇವರು ಮುಟ್ಟುವುದಿಲ್ಲ ಎಂದುಕೊಂಡು ಒಂದು ಸುಳ್ಳು ಹೇಳಿದರು: “ನಮ್ಮ ಬಾವೀದೇ ಅತ್ತೆ, ಕುಡೀರಿ.”

ಅಜ್ಜಿ ತುಟಿ ಬಿಗಿಹಿಡಿದು ಮುಖ ತಿರುಗಿಸಿದರು.

“ಅದು ಬ್ಯಾಡ ಕಣವ್ವ. ಸಾಕು. ಕ್ಯಾನಿಂದು ಕೊಡು.”

ಸೊಸೆ ಚಮಚವನ್ನು ನನ್ನ ಕೈಗೆ ಕೊಟ್ಟರು. ಅದೇ ನೀರನ್ನು, “ಇದು ಕ್ಯಾನಿಂದ್ರೀ ಅಜ್ಜಿ” ಎಂದು ಬಾಯಿಗೆ ಬಿಟ್ಟೆ. ಕುಡಿದರು. ತಿಥಿ ಮುಗಿದ ಮರುದಿನ ಬಾವಿಗೆ ಮಣ್ಣು ಬಿತ್ತು.