ಬಟ್ಟೆ ಕೋಣೆಯ ನಾಲ್ಕನೇ ದನಿ

ದೆವ್ವ-ಗಿವ್ವ ಅಂದರೆ ನನಗೆ ನಗು ಬರುತ್ತಿತ್ತು. ಐಸಿಯುನಲ್ಲಿ ಇಷ್ಟು ವರ್ಷ ನರ್ಸ್ ಆಗಿದ್ದೀನಿ, ಸತ್ತವರ್ಯಾರೂ ಎದ್ದು ಬಂದು ಮಾತಾಡಿಸಿಲ್ಲ ಕಣ್ರೇ ಅಂತ ಹೊಸ ಹುಡುಗಿಯರಿಗೆ ನಾನೇ ಧೈರ್ಯ ಹೇಳುತ್ತಿದ್ದೆ. ನೀವು ನಂಬಿ, ಬಿಡಿ; ಆಗಿದ್ದನ್ನು ಆದ ಹಾಗೇ ಹೇಳುತ್ತೇನೆ.

ಆಗ ಹೊನ್ನಾಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೆ. ಹಿರಿಯ ಸಿಸ್ಟರ್ ಶೋಭಕ್ಕ ಒಂದು ಪದ್ಧತಿ ಹಾಕಿದ್ದರು. ಡ್ಯೂಟಿ ಮುಗಿದ ಮೇಲೆ ಐಸಿಯು ಪಕ್ಕದಲ್ಲಿ ಹಾಸಿಗೆ-ಹೊದಿಕೆ ಇಡುವ ಬಟ್ಟೆ ಕೋಣೆಯಲ್ಲಿ ಕೂತು, ಅವತ್ತು ಮಾಡಿದ್ದನ್ನು ತಿರುಗಿ ನೋಡಿಕೊಳ್ಳಬೇಕು. ಕಣ್ಣು ಮುಚ್ಚಿರಬೇಕು. ಯಾರು ಹೇಳಿದ್ದು ಅಂತ ಕೇಳಬಾರದು. ಒಮ್ಮೊಮ್ಮೆ ರೋಗಿಯೇ ಆಗಿ ಮಾತಾಡಬೇಕು: 'ಸೂಜಿ ಚುಚ್ಚೋಕ್ಕೆ ಮುಂಚೆ ಒಂದು ಮಾತು ಹೇಳಬಾರದೇನ್ರೀ?' ಅಂತ. ಮೊದಮೊದಲು ಇದೆಂಥ ನಾಟಕವಪ್ಪಾ ಅನ್ನಿಸಿತ್ತು. ಆಮೇಲೆ ಅಲ್ಲಿ ಕೂತೆದ್ದರೆ ಮನಸ್ಸು ಹಗುರಾಗುತ್ತಿತ್ತು.

ಅವತ್ತು ಮಧ್ಯಾಹ್ನ ಆ ಕೋಣೆಯಲ್ಲಿ ಶೋಭಕ್ಕ, ಜೊತೆಯ ನರ್ಸ್ ರೆಹಾನಾ, ನಾನು ಮೂವರೇ ಇದ್ದೆವು. ಐಸಿಯು ಒಳಗೆ ಗೋವಿನಕೋವಿ ಊರಿನ ರತ್ನ ನ್ಯುಮೋನಿಯಾ ಆಗಿ, ಎಚ್ಚರ ತಪ್ಪಿದ ಮೇಲೇ ಬಂದು ವೆಂಟಿಲೇಟರ್ ಮೇಲಿದ್ದಳು. ಇನ್ನೂ ಹಾಲು ಬಿಡದ ಅವಳ ಕೂಸು ಹೊರಗೆ ಗಂಡನ ತೊಡೆ ಮೇಲಿತ್ತು. ಅವಳು ಹೆಂಗಾದರೂ ಉಳಿಯಲಿ ಅನ್ನೋದೊಂದೇ ಆಸೆ ನಮಗೆ.

ರೆಹಾನಾ ತನ್ನ ಮಾತು ಮುಗಿಸಿದಳು. ಮೂವರೂ ಕಣ್ಣು ಮುಚ್ಚಿಯೇ ಇದ್ದೆವು. ಆಗ ತೀರಾ ಹತ್ತಿರದಲ್ಲೇ ಒಂದು ಸಣ್ಣ ದನಿ: 'ಉಸಿರಾಡಾಕೆ ಆಗ್ವಲ್ದು ಕಣ್ರೀ. ಗಂಟಲಾಗೆ ಕಟ್ಟೈತೆ. ಬೇಗ ಬರ್ರಿ, ನನ್ನ ಕೂಸು ಸಣ್ಣದೈತೆ.'

ಅಬ್ಬಾ, ರೆಹಾನಾ ರತ್ನಳೇ ಆಗಿಬಿಟ್ಟಳಲ್ಲ ಅಂದುಕೊಂಡೆ. ರೆಹಾನಾ ಅದು ಶೋಭಕ್ಕ ಅಂದುಕೊಂಡಳಂತೆ. ಶೋಭಕ್ಕ ಅದು ನನ್ನ ದನಿ ಅಂದುಕೊಂಡಿದ್ದರು. ಕಣ್ಣು ಬಿಟ್ಟರೆ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೇವೆ!

'ಯಾರೇ ಮಾತಾಡಿದ್ದು?' ಶೋಭಕ್ಕ ತಮ್ಮ ನಿಯಮ ತಾವೇ ಮುರಿದರು.

ನಾನಲ್ಲ ಅಂದೆ. ರೆಹಾನಾ ತಲೆಯಾಡಿಸಿದಳು. ಎದ್ದು ಐಸಿಯುಗೆ ಓಡಿದೆವು.

ನಮ್ಮ ನಂತರ ಡ್ಯೂಟಿಗೆ ಬಂದಿದ್ದ ಸಿಸ್ಟರ್ ಆ ಕಡೆ ಮಂಚದ ರೋಗಿಯನ್ನು ನೋಡುತ್ತಿದ್ದಳು. ರತ್ನಳ ಎದೆ ಏಳುತ್ತಿರಲಿಲ್ಲ. ನಾನು ಅವಳ ಗಂಟಲಿನ ಪೈಪಿಗೆ ಕೈ ಹಾಕಿದಾಗಲೇ ಮೆಷಿನ್ನಿನ ಅಲಾರಂ ಕೂಗಿಕೊಂಡಿದ್ದು. ಪೈಪಿನೊಳಗೆ ಕಫ ಗಟ್ಟಿಯಾಗಿ ಕೂತಿತ್ತು. ಎಳೆದು ತೆಗೆದೆವು. ಎದೆ ಮತ್ತೆ ಏಳತೊಡಗಿದಾಗ ರೆಹಾನಾ ಅತ್ತೇಬಿಟ್ಟಳು.

ಕೆಲವು ದಿನಗಳಲ್ಲಿ ರತ್ನ ಸುಧಾರಿಸಿಕೊಂಡಳು, ಪೈಪು ತೆಗೆದರು. ಆ ದನಿ ಇವಳದೇ ಹೌದೋ ಅಲ್ಲವೋ ನೋಡೇಬಿಡೋಣ ಅಂತ ನಾನು ಬಗ್ಗಿ, 'ರತ್ನಾ, ಒಂದು ಮಾತಾಡವ್ವ' ಅಂದೆ. ಅವಳು ನನ್ನ ಕೈ ಹಿಡಿದು ನಕ್ಕಳು, ಅಷ್ಟೆ.

ಗಂಡ ಕೂಸನ್ನು ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದ. 'ಆಕೆಗೆ ಮಾತು ಬರಲ್ರೀ ಸಿಸ್ಟರ್. ಹುಟ್ಟಾ ಮೂಗಿ. ನಿಮಗ್ಯಾರೂ ಹೇಳಿಲ್ವೇನ್ರೀ?' ಅಂದ.

ಅದು ಯಾರ ದನಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ರತ್ನ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕೈಯಿಂದ ನನ್ನ ಕೈ ಬಿಡಿಸಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ.