ಕಿಟಕಿಯ ಹೊರಗಿನ ಒಲೆ

ನಮ್ಮ ಯಜಮಾನರಿಗೆ ಅಡುಗೆಮನೆಯ ಮೇಲೆ ಪ್ರೀತಿ ಹುಟ್ಟಿದ್ದು ಮೂಡಬಿದಿರೆಯಲ್ಲಿ, ಅವರ ಅಕ್ಕನ ಹೊಸ ಮನೆಯ ಒಕ್ಕಲಿನ ದಿನ. ಅದಕ್ಕೆ ಮೊದಲು ಸಿದ್ಧಕಟ್ಟೆಯ ನಮ್ಮ ಅಡುಗೆಮನೆಗೆ ಅವರು ಬರುತ್ತಿದ್ದದ್ದು ನೀರು ಕುಡಿಯಲು ಮಾತ್ರ. ಅಕ್ಕನ ಮನೆಯ ಡ್ರಾಯರುಗಳು ಸದ್ದಿಲ್ಲದೆ ತಾವಾಗಿ ಮುಚ್ಚಿಕೊಳ್ಳುವುದನ್ನು ನಿಂತು ನೋಡಿದರು. ಮತ್ತೆ ಎಳೆದರು, ಮತ್ತೆ ನೋಡಿದರು. ವಾಪಸು ಬರುವ ದಾರಿಯಲ್ಲೇ ನಮ್ಮ ಅಡುಗೆಮನೆ ಒಡೆಯುವುದೆಂದು ತೀರ್ಮಾನವಾಯಿತು.

“ನಿನಗೋಸ್ಕರ ಮಾಡುವುದು ಮಾರಾಯ್ತಿ. ನಿನಗೆ ಎಂಥ ಬೇಕು ಹೇಳು” ಎಂದರು.

ನಾನು ಕೇಳಿದ್ದು ಒಂದೇ. ಒಲೆಯ ಎದುರು ಒಂದು ಕಿಟಕಿ. ಮದುವೆಯಾಗಿ ಬಂದಂದಿನಿಂದ ಮಸಿ ಹಿಡಿದ ಗೋಡೆಯನ್ನು ನೋಡುತ್ತಾ ಬೇಯಿಸಿದವಳು ನಾನು. ಆ ಗೋಡೆಯ ಆಚೆ ಹಿತ್ತಲು, ಹಿತ್ತಲಿನ ಆಚೆ ಶಾಲೆಗೆ ಹೋಗುವ ಓಣಿ. ಮಕ್ಕಳು ಜಗಳವಾಡುತ್ತಾ ಹೋಗುವುದು, ಮೀನಿನವನು ಸ್ಕೂಟರ್ ನಿಲ್ಲಿಸಿ ಆಚೆಮನೆಯವರೊಡನೆ ಚರ್ಚೆ ಮಾಡುವುದು, ಎಲ್ಲ ನನ್ನ ಕಿವಿಗೆ ಮಾತ್ರ ಗೊತ್ತು. ಒಮ್ಮೆ ಕಣ್ಣಿಗೂ ಗೊತ್ತಾಗಲಿ ಎಂದು ಆಸೆ ಇತ್ತು. ತುಂಬಾ ಆಸೆ ಇತ್ತು.

ಡಿಸೈನರ್ ಬಂದ. ಲ್ಯಾಪ್‌ಟಾಪಿನಲ್ಲಿ ಒಂದು ಅಡುಗೆಮನೆ ತೋರಿಸಿದ. ಅಲ್ಲಿ ಗಾಜಿನ ಬೋಗುಣಿ ತುಂಬ ಹಸಿರು ಸೇಬು ಇತ್ತು, ಮೆಣಸಿನ ಡಬ್ಬಿಗೆ ಜಾಗ ಇರಲಿಲ್ಲ.

“ಕಾಯಿ ಎಲ್ಲಿ ತುರಿಯುವುದು?” ಎಂದು ಅತ್ತೆ ಕೇಳಿದರು.

“ಈಗ ಯಾರಮ್ಮ ಕೂತು ಕಾಯಿ ತುರೀತಾರೆ?” ಎಂದು ಅವನು ನಕ್ಕ. ಅವನ ಬಾಯಲ್ಲಿದ್ದ ಪತ್ರೊಡೆಗೆ ಬೆಳಿಗ್ಗೆ ಕಾಯಿ ತುರಿದವರು ಅತ್ತೆಯೇ. ಅವರು ಅವನ ಬಾಯಿಯನ್ನೇ ಸ್ವಲ್ಪ ಹೊತ್ತು ನೋಡಿ ಎದ್ದು ಹೋದರು. ನಾನು ಕಿಟಕಿಯ ಬಗ್ಗೆ ಕೇಳಿದೆ. “ಉಂಟಲ್ಲ ಮೇಡಂ, ದೊಡ್ಡದೇ ಇಡುವ” ಎಂದ. ಅಷ್ಟಕ್ಕೇ ನಾನು ಅವನ ತಟ್ಟೆಗೆ ಇನ್ನೆರಡು ಪತ್ರೊಡೆ ಹಾಕಿದೆ.

ಒಡೆಯುವ ಕೆಲಸ ಶುರುವಾಯಿತು, ಒಲೆ ಮನೆಯ ಮುಂದಿನ ಚಾವಡಿಗೆ ಬಂತು. ಅನ್ನದಲ್ಲಿ ಸಿಮೆಂಟು, ಸಾರಿನಲ್ಲಿ ಸಿಮೆಂಟು, ತಲೆ ಬಾಚಿದರೆ ಸಿಮೆಂಟು. ಟೈಲ್ಸಿನವರು ಅರ್ಧ ನೆಲ ಹಾಕಿ ಬೆಳ್ತಂಗಡಿಯಲ್ಲಿ ಬೇರೆ ಕೆಲಸ ಹಿಡಿದರು. ಫೋನ್ ಮಾಡಿದರೆ “ದಾರಿಯಲ್ಲಿ ಇದ್ದೇವೆ ಮೇಡಂ” ಎನ್ನುತ್ತಿದ್ದರು. ಬೆಳ್ತಂಗಡಿಯಿಂದ ನಮ್ಮ ಮನೆಗೆ ಅಷ್ಟು ಉದ್ದದ ದಾರಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಯಜಮಾನರಂತೂ ಬಂಟ್ವಾಳದ ಆಫೀಸಿನ ಹತ್ತಿರ ಹೊಟ್ಟೆ ತುಂಬ ತಿಂದು ಬಂದು, ಧೂಳಿನ ನಡುವೆ ಕೈಕಟ್ಟಿ ನಿಂತು “ಚೆಂದ ಆಗ್ತಾ ಉಂಟು” ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ಎಲ್ಲ ಸಹಿಸಿದ್ದು ಗೋಡೆಯಲ್ಲಿ ಕೊರೆದ ಆ ಚೌಕಕ್ಕಾಗಿ. ಗಾಜು ಕೂರಿಸುವ ಮೊದಲೇ ಅಲ್ಲಿ ನಿಂತು ಓಣಿ ನೋಡಿದೆ. ಎರಡು ಜಡೆಯ ಹುಡುಗಿಯೊಬ್ಬಳು ಕೊಡೆಯಿಂದ ಬೇಲಿಗೆ ಹೊಡೆಯುತ್ತಾ ಹೋದಳು. ನನಗೆ ಖುಷಿಯಾಯಿತು.

ಕೊನೆಗೂ ಹಾಲು ಉಕ್ಕಿಸುವ ದಿನ ಬಂತು. ಹೊಸ ಒಲೆಯಲ್ಲಿ ಹಾಲು ಉಕ್ಕಿ ಹೊರಗೆ ಚೆಲ್ಲಬೇಕು, ಅದು ಶಾಸ್ತ್ರ. ಎಲ್ಲರೂ ಸುತ್ತ ನಿಂತಿದ್ದರು. ಹಾಲು ಏರಿ ಏರಿ ಪಾತ್ರೆಯ ಅಂಚಿಗೆ ಬಂತು. ಯಜಮಾನರು ಗಬಕ್ಕನೆ ಕೈ ಹಾಕಿ ಗ್ಯಾಸ್ ಆರಿಸಿಬಿಟ್ಟರು.

“ಗಾಜಿನ ಒಲೆ ಅಮ್ಮ, ಕಲೆ ಬೀಳ್ತದೆ.”

ಅತ್ತೆ ಕಣ್ಣು ಮುಚ್ಚಿ ದೇವರಿಗೆ ತಪ್ಪುಕಾಣಿಕೆ ಹೇಳಿಕೊಂಡರು. ಆ ಉಕ್ಕದ ಹಾಲಿನ ಪಾಯಸವನ್ನು ನೆಂಟರು ಎರಡೆರಡು ಸಲ ಹಾಕಿಸಿಕೊಂಡು ಡ್ರಾಯರುಗಳನ್ನು ಎಳೆದು ನೋಡಿದರು.

ಮರುದಿನ ನಾನು ಕಿಟಕಿ ತೆರೆದು ಕಾವಲಿಗೆ ಬಂಗುಡೆ ಹಾಕಿದೆ. ಯಜಮಾನರು ಚಾವಡಿಯಿಂದ ಓಡಿಬಂದರು.

“ಇಲ್ಲಿ ಮೀನು ಹುರಿಯುವುದಾ? ಕಪಾಟಿನ ಲ್ಯಾಮಿನೇಟಿಗೆ ವಾಸನೆ ಹಿಡಿದ್ರೆ ಹೋಗುವುದಿಲ್ಲ!”

“ಮತ್ತೆ ಒಲೆಯ ಮೇಲೆ ಹೊಗೆ ಎಳೆಯುವ ಆ ಚಿಮಣಿ ಯಾಕೆ?”

“ಅದು ಚಾ ಗೀ ಮಾಡ್ಲಿಕ್ಕೆ.”

ಚಾದ ಹೊಗೆಗೆ ಚಿಮಣಿ ಕೂರಿಸಿದ ಜನ ಬೇರೆ ಎಲ್ಲಾದರೂ ಇದ್ದಾರೋ ಇಲ್ಲವೋ, ನಮ್ಮ ಕಡೆ ಮನೆಮನೆಯಲ್ಲೂ ಇದ್ದಾರೆ. ಅಕ್ಕನ ಮನೆಯದ್ದೂ ಹಾಗೆಯೇ ಎಂದು ಆಗ ತಿಳಿಯಿತು. ಒಳಗಿನದು ತೋರಿಸಲಿಕ್ಕೆ, ಬೇಯಿಸುವುದು ಹಿಂದಿನ ವರ್ಕ್ ಏರಿಯಾದಲ್ಲಿ. ವಾರದೊಳಗೆ ನಮ್ಮ ಹಿತ್ತಲಿಗೂ ತಗಡಿನ ಶೀಟು ಬಂತು. ಮನೆಯ ಗೋಡೆಗೆ ತಾಗಿಸಿ ಶೀಟಿನ ಮಾಡು ಇಳಿಸಿ, ಮಳೆ ಹೊಡೆಯದ ಹಾಗೆ ಉಳಿದ ಮೂರು ಕಡೆಯೂ ಶೀಟನ್ನೇ ಕಟ್ಟಿದರು. ಹಳೆಯ ಒಲೆ, ಹಳೆಯ ಕಡಪ ಕಲ್ಲು, ಅತ್ತೆಯ ಕಾಯಿ ತುರಿಯುವ ಮಣೆ, ನಾನು, ಎಲ್ಲರೂ ಅಲ್ಲಿಗೆ ಹೋದೆವು. ಜಾಗ ಸರಿಯಾಗಿ ನನ್ನ ಕಿಟಕಿಯ ಹೊರಗೆ.

“ಇನ್ನು ಓಣಿ ಕಾಣುವುದಿಲ್ಲ” ಎಂದೆ.

“ನೀನು ಹೊರಗೇ ಇರ್ತಿಯಲ್ಲ, ಇನ್ನು ಕಿಟಕಿ ಯಾಕೆ ನಿನಗೆ?”

ತಮಾಷೆಗೆ ಹೇಳಿದ್ದಾದರೆ ನಕ್ಕುಬಿಡುತ್ತಿದ್ದೆ. ಮನುಷ್ಯ ನಿಜವಾಗಿ ಕೇಳಿದ್ದು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಭಾನುವಾರ ಯಜಮಾನರ ಅಕ್ಕ ಮೂಡಬಿದಿರೆಯ ನೆರೆಮನೆಯಾಕೆಯನ್ನು ಅಡುಗೆಮನೆ ತೋರಿಸಲೆಂದೇ ಕರೆದುಕೊಂಡು ಬಂದರು. ನಾನು ಹೊರಗೆ ಶೀಟಿನ ಸೆಕೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರಿಗೆಂದೇ ಮೀನು ಹುರಿಯುತ್ತಿದ್ದೆ. ಡ್ರಾಯರು ಎಳೆದದ್ದು, ಹೊಗಳಿದ್ದು, ಚಿಮಣಿಯ ಗುಣಗಾನ, ಎಲ್ಲ ಕೇಳುತ್ತಿತ್ತು. ಆಮೇಲೆ ಆಕೆ ಕಿಟಕಿಯ ಹತ್ತಿರ ಬಂದು ಗಾಜಿನ ಮೂಲಕ ನನ್ನನ್ನು ನೋಡಿದರು.

“ನಿಮಗೆ ಕೆಲಸದವಳು ಸಿಕ್ಕಿದ್ದಾಳಲ್ಲ ಮಾರಾಯ್ರೆ, ಪುಣ್ಯವಂತರು. ನಮಗೆ ಎಲ್ಲಿ ಹುಡುಕಿದರೂ ಇಲ್ಲ.”

ಅಕ್ಕ ಏನೋ ಪಿಸುಗುಟ್ಟಿದರು. ಯಜಮಾನರು ಕೆಮ್ಮಿದರು. ನನ್ನ ಹಿಂದೆ ಅತ್ತೆಯ ಕೈ ತುರಿಮಣೆಯ ಮೇಲೆ ನಿಂತಿತು.

ಮೀನನ್ನು ಮಾತ್ರ ಎಲ್ಲರೂ ಚೆನ್ನಾಗಿ ತಿಂದರು.

ಮರುದಿನವೇ ಯಜಮಾನರು ಬಂಟ್ವಾಳದಿಂದ ಬಿಳಿ ಪರದೆಯ ಬ್ಲೈಂಡ್ ತಂದು ಒಳಗಿನಿಂದ ಕಿಟಕಿ ಮುಚ್ಚಿಸಿದರು. “ಬಂದವರಿಗೆ ಅಸಹ್ಯ ಕಾಣಬಾರದಲ್ಲ” ಎಂದರು. ಈಗ ಒಗ್ಗರಣೆ ಹಾಕುತ್ತಾ ತಲೆ ಎತ್ತಿದರೆ ನನ್ನ ಎದುರಿಗೆ ಆ ಬಿಳಿ ಮಾತ್ರ, ಅದರ ಮುಂದೆ ಆಗಲೇ ಮಸಿ ಹಿಡಿಯತೊಡಗಿದ ಗಾಜು. ಓಣಿಯ ಜಗಳ ಮೊದಲಿನ ಹಾಗೆ ಕಿವಿಗೆ ಮಾತ್ರ. ಮೊದಲೂ ನಾನು ಗೋಡೆ ನೋಡಿಕೊಂಡೇ ಬೇಯಿಸುತ್ತಿದ್ದೆ. ಆದರೆ ಆಗ ನಾನು ಮನೆಯ ಒಳಗಿದ್ದೆ.